ಗೌಂಡಿಗಳ ಊರಲ್ಲಿ ನನ್ನ ಥಾಪಿ

ಗೋವಾದಲ್ಲಿ ನಾನು ಕನ್ನಡಿಗ ಎಂದು ಹೇಳಿಕೊಂಡರೆ ಎದುರಿನವರು ತಕ್ಷಣ ಕೇಳುವುದು ಗಿಲಾವು ಬರುತ್ತದೋ, ಬರೀ ಗೋಡೆ ಕಟ್ಟುವುದೋ ಎಂದು. ಆಮೇಲೆ ದಿನಕ್ಕೆ ಪಗಾರ ಎಷ್ಟು ಎಂದು. ಹೆಸರು ಕೇಳುವುದು ಇವೆಲ್ಲ ಮುಗಿದ ಮೇಲೆ. ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. 1961ರ ಡಿಸೆಂಬರ್ 19ರಂದು ಗೋವಾ ಪೋರ್ತುಗೀಸರ ಕೈಯಿಂದ ಬಿಡುಗಡೆಯಾದ ಮೇಲೆ ಇಲ್ಲಿ ಎದ್ದುನಿಂತ ಬಂಗಲೆ, ಹೊಟೇಲು, ಸೇತುವೆಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯವರ ಬೆವರು ಬೀಳದ ಜಾಗ ಹುಡುಕುವುದು ಕಷ್ಟ. ವಾಸ್ಕೋದ ಬಾಯ್ನಾದಲ್ಲಂತೂ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆಗೆ ನಿಂತು "ಮೇಸ್ತ್ರೀ" ಎಂದು ಕೂಗಿದರೆ ಅರ್ಧ ಓಣಿ ತಿರುಗಿ ನೋಡುತ್ತದೆ. ಉಳಿದರ್ಧ ಆಗಲೇ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿರುತ್ತದೆ.

ಇಂಥ ಊರಲ್ಲಿ, ಇಷ್ಟು ಜನ ಗೌಂಡಿಗಳ ಕಣ್ಣೆದುರಿಗೆ, ನಾನು ಥಾಪಿ ಹಿಡಿದು ನನ್ನ ಅಂಗಳದ ಬಿರುಕು ಮುಚ್ಚಲು ಹೊರಟೆ.

ನನ್ನ ಯೋಗ್ಯತೆ ಏನು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಇಂಡಿ ತಾಲ್ಲೂಕಿನವನು. ಬಂದರಿನ ಹತ್ತಿರದ ಒಂದು ಕಚೇರಿಯಲ್ಲಿ ಬಿಲ್ಲು ಬರೆಯುತ್ತ ಬರೆಯುತ್ತ ನಿವೃತ್ತನಾದವನು. ನೌಕರಿಯಲ್ಲಿ ನಾನು ಎತ್ತಿದ ಅತಿ ಭಾರದ ಹತಾರ ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮಷೀನು. ಆದರೂ ನಮ್ಮದು ಗೋಲಗುಮ್ಮಟದ ಜಿಲ್ಲೆ ನೋಡಿ. 1656ರಲ್ಲಿ ಮುಗಿದ ಕಟ್ಟಡ, ಹೊರಗಿನಿಂದ ಅಳೆದರೆ 44 ಮೀಟರ್ ವ್ಯಾಸದ ಗುಮ್ಮಟ, ನಡುವೆ ಒಂದು ಕಂಬವಿಲ್ಲ, ಸಿಮೀಟಿನ ಹೆಸರೂ ಇಲ್ಲ, ಎಲ್ಲ ಸುಣ್ಣದ ಗಚ್ಚು. ಅಂಥದ್ದನ್ನು ಕಟ್ಟಿದ ಮಂದಿಯ ನೆಲದಲ್ಲಿ ಹುಟ್ಟಿದವನಿಗೆ 25 ಅಡಿ ಉದ್ದದ ಒಂದು ಅಂಗಳ ಯಾವ ಲೆಕ್ಕ ಎಂಬುದು ನನ್ನ ವಾದ. "ಗುಮ್ಮಟ ಕಟ್ಟಿದವರು ನಿಮ್ಮ ಮನಿತನದವರೇನ್ರಿ?" ಎಂಬುದು ನಮ್ಮಾಕಿಯ ವಾದ.

ಅಂಗಳ ಎಂದೆ. ಬಾಯ್ನಾದ ಸಮುದ್ರದಂಡೆಯಿಂದ ಮೇಲಕ್ಕೇರುವ ಗುಡ್ಡದ ಮಗ್ಗುಲಲ್ಲಿ ನಮ್ಮ ಮನೆ. ಗೇಟಿನಿಂದ ಬಾಗಿಲ ಕಟ್ಟೆಯವರೆಗೆ 25 ಅಡಿ ಉದ್ದ, 9 ಅಡಿ ಅಗಲದ ಕಾಂಕ್ರೀಟಿನ ಇಳಿಜಾರು. ಮಗಳು ಚೌತಿಗೆ ಬೆಂಗಳೂರಿನಿಂದ ಕಾರು ತಂದಾಗ ಅದಕ್ಕೆ ಡ್ರೈವ್‌ವೇ ಎನ್ನುತ್ತೇವೆ. ಉಳಿದ ದಿನಗಳಲ್ಲಿ ನನ್ನ ಸ್ಕೂಟರು ನಿಲ್ಲುವುದು, ನಮ್ಮಾಕಿಯ ಸಂಡಿಗೆ ಒಣಗುವುದು, ಓಣಿಯ ನಾಯಿ ಮಲಗುವುದು ಎಲ್ಲ ಅದರ ಮೇಲೆಯೇ. ಅದರ ನಟ್ಟನಡುವೆ, ಗೇಟಿನ ಎಡಗಂಬದಿಂದ ಹೊರಟು ಮಾಳಿಗೆಯ ನೀರಿನ ಪೈಪಿನ ಬುಡದವರೆಗೆ, ಒಂದು ಬಿರುಕು. ಊರಿನ ಗಾಳಿಯಲ್ಲಿ ಬರುವ ಕಲ್ಲಿದ್ದಲಿನ ಕರಿ ಪುಡಿ ಅದರೊಳಗೆ ಕೂತು, ಗೇಟಿನ ಆಚೆ ನಿಂತವರಿಗೂ ಎದ್ದು ಕಾಣುವಂತೆ ಗೆರೆ ತೀಡಿತ್ತು.

ಆ ಕಾಂಕ್ರೀಟು ಹಾಕಿಸುವಾಗ ಮೇಲುಸ್ತುವಾರಿ ನನ್ನದೇ. ಕೊಡೆ, ಕುರ್ಚಿ, ಚಹಾದ ಲೋಟ ಸಮೇತ ಕೂತು ನಡೆಸಿದ ಉಸ್ತುವಾರಿ. ಅಂದಿನ ಗೌಂಡಿ ಹುಡುಗ, "ಸಾಹೇಬ್ರ, ನಾಳೆ ಎಂಟೆಂಟು ಅಡಿಗೆ ಒಂದೊಂದು ಗೀರು ಕೊಯ್ಯಬೇಕ್ರಿ, ಇಲ್ಲಾಂದ್ರ ಸೀಳತೈತಿ" ಎಂದ. ದುಡ್ಡು ಕೊಟ್ಟು ಹಾಕಿಸಿದ್ದನ್ನು ಮತ್ತೆ ದುಡ್ಡು ಕೊಟ್ಟು ಕೊಯ್ಯಿಸುವುದೇ? ನಾನು ನಕ್ಕೆ. ಬಿಲ್ಲು ಬರೆದ ಅನುಭವದಿಂದ ಹೇಳುತ್ತೇನೆ, ಇಂಥ ಐಟಂಗಳನ್ನು ಹೊಡೆದು ಹಾಕುವುದರಲ್ಲಿ ನನ್ನ ಕೈ ಪಳಗಿದ್ದು. ಹುಡುಗ ನನ್ನ ಮುಖ ನೋಡಿದ, ಕುರ್ಚಿ ನೋಡಿದ, ಸುಮ್ಮನಾದ. ಮೇಲಿನ ಪದರ ನುಣ್ಣಗೆ ಬರಲಿ ಎಂದು ಇನ್ನೆರಡು ಬಕೆಟ್ ನೀರು ಹಾಕಿಸಿದ್ದೂ ನಾನೇ.

ಹುಡುಗ ಹೇಳಿದ್ದು ಶಾಸ್ತ್ರ. ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ. ಕಲಸುವಾಗ ನೀರು ಹೆಚ್ಚಾದಷ್ಟೂ ಕುಗ್ಗುವುದು ಹೆಚ್ಚು. ನಾಲ್ಕು ಇಂಚು ದಪ್ಪದ ಹಾಸಿಗೆ ಎಂಟರಿಂದ ಹತ್ತು ಅಡಿಗೊಂದು ಗೀರು, ದಪ್ಪದ ಕಾಲು ಭಾಗದಷ್ಟು ಆಳಕ್ಕೆ, ಅಂದರೆ ಒಂದು ಇಂಚು ಕೊಯ್ದು ಬಿಟ್ಟರೆ ಸೀಳುವುದೇನಿದ್ದರೂ ಆ ಗೀರಿನ ತಳದಲ್ಲಿ ಯಾರ ಕಣ್ಣಿಗೂ ಬೀಳದೆ ಸೀಳಿಕೊಳ್ಳುತ್ತದೆ. ನಾವು ಗೆರೆ ಎಳೆಯದಿದ್ದರೆ ಕಾಂಕ್ರೀಟು ತಾನೇ ಎಳೆದುಕೊಳ್ಳುತ್ತದೆ, ಮತ್ತು ಅದರ ಕೈಬರಹ ಚೆನ್ನಾಗಿರುವುದಿಲ್ಲ.

ಮೊದಲಿಗೆ ಕೂದಲೆಳೆಯಷ್ಟಿತ್ತು. ಭಾರತೀಯ ಮಾನಕ ಸಂಸ್ಥೆಯ ಕಾಂಕ್ರೀಟು ನಿಯಮ ಐಎಸ್ 456ರ ಪ್ರಕಾರ ಸಾಧಾರಣ ಜಾಗಗಳಲ್ಲಿ 0.3 ಮಿಲಿಮೀಟರ್‌ವರೆಗಿನ ಬಿರುಕಿಗೆ ಮಾಫಿ ಇದೆ ಎಂದು ಎಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗ ಹೇಳಿದಾಗ ನನಗೆ ಎಲ್ಲಿಲ್ಲದ ಸಮಾಧಾನವಾಯಿತು. ನಮ್ಮದು ಮಾಫಿಯೊಳಗೆ ಬರುತ್ತದೋ ಇಲ್ಲವೋ ನೋಡಲು ಒಂದು ರೂಪಾಯಿಯ ನಾಣ್ಯವನ್ನು ಅಡ್ಡ ಹಿಡಿದು ಬಿರುಕಿನ ಬಾಯಿಗೆ ಇಟ್ಟೆ. ನಾಣ್ಯ ಸಲೀಸಾಗಿ ಒಳಗೆ ಹೋಯಿತು. ಕೆಳಗೆಲ್ಲೋ 'ಟಣ್' ಎಂದಿತು. ಮತ್ತೆ ಮೇಲೆ ಬರಲಿಲ್ಲ. ಈ ರಿಪೇರಿಯ ಖರ್ಚಿನ ಪಟ್ಟಿಯಲ್ಲಿ ಮೊದಲ ಐಟಂ ಅದೇ. ನೆಲಕ್ಕೆ ಹತ್ತಿಕೊಂಡೇ ಇರಬೇಕಾದ ಕಾಂಕ್ರೀಟಿನ ಕೆಳಗೆ 'ಟಣ್' ಎನ್ನುವಷ್ಟು ಜಾಗ ಎಲ್ಲಿಂದ ಬಂತು ಎಂದು ಯೋಚಿಸುವ ತಲೆ ನನ್ನದಾಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ನಾನು ಯೋಚಿಸಿದ್ದು ಬೇರೆ. ನಮ್ಮ ಇಂಡಿ ಕಡೆಯ ಎರಿ ಹೊಲ ಏಪ್ರಿಲ್, ಮೇ ತಿಂಗಳಲ್ಲಿ ಕರುವಿನ ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಡುತ್ತದೆ. ಆ ಕರಿ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಿರಗದ ಮಳೆ ಚೆನ್ನಾಗಿ ಹಿಡಿಯಿತೆಂದರೆ ಬಿರುಕು ಇದ್ದ ಗುರುತೇ ಸಿಗುವುದಿಲ್ಲ. ನಮ್ಮಪ್ಪ ಆಯುಷ್ಯದಲ್ಲಿ ಒಂದೇ ಒಂದು ಹೊಲದ ಬಿರುಕನ್ನೂ ರಿಪೇರಿ ಮಾಡಿದವರಲ್ಲ. ಆದ್ದರಿಂದ ನಾನು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟೆ: "ಮಿರಗ ಬರ್ಲಿ ತಡಿ. ತಾನೇ ಕೂಡ್ಕೋತದ."

ಮಿರಗ ಬಂತು. ಗೋವಾದ ಮಿರಗ ನಮ್ಮ ಕಡೆಯ ಮಿರಗವಲ್ಲ. ವಿಜಯಪುರದಲ್ಲಿ ವರ್ಷವಿಡೀ ಬೀಳುವುದು 600 ಮಿಲಿಮೀಟರ್ ಆಚೀಚೆ. ಇಲ್ಲಿ ಸುಮಾರು 3000, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗುಡ್ಡದ ಮೇಲಿನ ನೀರೆಲ್ಲ ನಮ್ಮ ಓಣಿಯಲ್ಲಿ ಇಳಿದು ಸಮುದ್ರಕ್ಕೆ ಹೋಗುವಾಗ ನಮ್ಮ ಬಿರುಕಿಗೂ ಬಂದು ಮಾತಾಡಿಸಿಕೊಂಡು ಹೋಗುತ್ತಿತ್ತು. ಬಿರುಕು ಕೂಡಿಕೊಳ್ಳಲಿಲ್ಲ. ಅದರಲ್ಲಿ ಹುಲ್ಲು ಹುಟ್ಟಿತು. ಕೆಂಪಿರುವೆ ಸಂಸಾರ ಹೂಡಿತು. ಶ್ರಾವಣದ ಸಪ್ತಾಹಕ್ಕೆ ಹೊರಟ ಮಂದಿ ದಾರಿಯಲ್ಲಿ ನಿಂತು ನೋಡಿ ಹೋದರು. ನಮ್ಮಾಕಿ ಒಂದು ಮುಂಜಾನೆ ಕೈಯಲ್ಲಿ ಬೀಜದ ಪೊಟ್ಟಣ ಹಿಡಿದು ಬಂದು, "ಹ್ಯಾಂಗೂ ಹರಗಿಟ್ಟೀರಿ, ಪುಂಡಿಪಲ್ಯಾ ಬಿತ್ತಲೇನು?" ಎಂದಳು.

ಗಂಡಸಾದವನಿಗೆ ಇಷ್ಟಾದರೂ ರೋಷ ಬರಬೇಕು. ಬಂತು. ಮಳೆ ನಿಂತ ಮೇಲೆ ನಾನು ಸಿಮೀಟು ತಂದೆ. ಚಿಲ್ಲರೆಯಾಗಿ, ಪ್ಲಾಸ್ಟಿಕ್ ಚೀಲದಲ್ಲಿ. ಬಿರುಕಿನ ಉದ್ದಕ್ಕೂ ಒಣ ಪುಡಿ ಉದುರಿಸಿ ಮೇಲೆ ಚೊಂಬಿನಿಂದ ನೀರು ಬಿಟ್ಟೆ. ನೋಡಲು ಬಹಳ ಸರಳ ಉಪಾಯ. ಉಸುಕಿಲ್ಲದ ಬರೀ ಸಿಮೀಟು ಒಣಗುವಾಗ ವಿಪರೀತ ಕುಗ್ಗುತ್ತದೆ, ಧೂಳು ಕೂತ ಹಳೆಯ ಅಂಚಿಗೆ ಅದು ಹತ್ತಿಕೊಳ್ಳುವುದಿಲ್ಲ ಎಂಬ ಸಂಗತಿ ಸ್ಕೂಟರಿನ ಚಕ್ರಕ್ಕೆ ಮೊದಲು ಗೊತ್ತಾಯಿತು, ಆಮೇಲೆ ನನಗೆ. ತೇಪೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಕೆಲಸಕ್ಕೆ ಹೊರಟಿದ್ದ ಕುಷ್ಟಗಿ ಕಡೆಯ ಗೌಂಡಿಯೊಬ್ಬ ಗೇಟಿನಾಚೆ ನಿಂತು, ಹೆಗಲ ಮೇಲಿನ ಚೀಲ ಸರಿಮಾಡಿಕೊಳ್ಳುತ್ತ ಕೇಳಿದ: "ವಿಭೂತಿ ಹಚ್ಚಿದ್ರ ಹುಣ್ಣು ಮಾಯತೈತೇನ್ರಿ ಸಾಹೇಬ್ರ?"

ಅಂದಿನಿಂದ ನಮ್ಮ ಗೇಟು ಸಲಹಾ ಕೇಂದ್ರವಾಯಿತು. ಬಾದಾಮಿಯವರು ಬಂದು ಪೂರಾ ಒಡೆದು ಹಾಕಿರಿ ಎಂದರು. ರೋಣದವರು ಫರಸಿ ಹಾಸಿರಿ ಎಂದರು. ಪೇವರ್ ಬ್ಲಾಕು ಹಾಕುವ ಕೆಲಸದಲ್ಲಿದ್ದ ಹುಡುಗ ಪೇವರ್ ಹಾಕಿಸಿರಿ ಎಂದ. ಹುಬ್ಬಳ್ಳಿ ಗಾಡಿಯಲ್ಲಿ ದೂಧಸಾಗರ ನೋಡಿಕೊಂಡು ಬಂದ ನನ್ನ ಹೆಂಡತಿಯ ತಮ್ಮ ಬಿರುಕು ಯಾವ ದಿಕ್ಕಿಗೆ ಹೊರಟಿದೆ ಎಂದು ದಿಕ್ಸೂಚಿ ಹಿಡಿದು, "ಮಾಮಾ, ಇದು ಈಶಾನ್ಯಕ್ಕ ಹೊಂಟೇತಿ, ಚಲೋ ಅಲ್ಲ" ಎಂದ. ಪಕ್ಕದ ಮನೆಯ ಕೊಂಕಣಿ ಅಜ್ಜಿ "ಕಿತೆಂ ಜಾಲೆಂ?" ಎನ್ನುತ್ತ ಬಂದು, ತಮ್ಮ ಹಳೆಯ ಮನೆಯ ನೆಲಕ್ಕೆ ಸೆಗಣಿ ಸಾರಿಸುತ್ತಿದ್ದರೆಂದೂ, ಸಾರಿಸುತ್ತ ಇದ್ದಷ್ಟು ದಿನ ಬಿರುಕೆಂಬುದೇ ಇರಲಿಲ್ಲವೆಂದೂ ಹೇಳಿ, ಕಾಂಕ್ರೀಟನ್ನೂ ನನ್ನನ್ನೂ ಒಟ್ಟಿಗೆ ಮರುಕದಿಂದ ನೋಡಿದರು.

ಒಬ್ಬ ಹೆಣ್ಣುಮಗಳು ಮಾತ್ರ ಸಲಹೆ ಕೊಡಲಿಲ್ಲ. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವಾಕೆ. "ಸೀಳಿದ್ರೂ ನಿಮ್ಮದಂತ ಒಂದು ಅಂಗಳ ಐತಲ್ರಿ ಅಣ್ಣಾರ" ಎಂದಷ್ಟೇ ಹೇಳಿ ಮುಂದೆ ಹೋದಳು. ಬಾಯ್ನಾದಲ್ಲಿ ಈ ಮಾತಿಗೆ ತೂಕವಿದೆ. 2004ರ ಜೂನ್‌ನಲ್ಲಿ, ಮಳೆಗಾಲದ ಬಾಯಲ್ಲೇ, ಇಲ್ಲಿಯ ದಂಡೆಯ ಗುಡಿಸಲುಗಳನ್ನು ಸರಕಾರ ಬುಲ್ಡೋಜರ್ ಹಚ್ಚಿ ಕೆಡವಿತು. ಸೂಳೆಗೇರಿಯನ್ನು ತೆರವು ಮಾಡುತ್ತೇವೆ ಎಂದು ಹೊರಟ ಕೆಲಸದಲ್ಲಿ ದುಡಿದು ತಿನ್ನುವ ಎಷ್ಟೋ ಕನ್ನಡ ಕುಟುಂಬಗಳೂ ಬೀದಿಗೆ ಬಿದ್ದವು. ಆಮೇಲೂ ದಂಡೆಯ ಮೇಲೆ ಮನೆಗಳು ಬಿದ್ದಿವೆ. ಊರಿನವರ ಬಂಗಲೆಗೆ ನೆಲ ಹಾಸುವ ಮಂದಿಗೆ ತಮ್ಮ ಕಾಲ ಕೆಳಗಿನ ನೆಲ ತಮ್ಮದೆಂದು ಹೇಳಲು ಕಾಗದವಿರಲಿಲ್ಲ. ಅದನ್ನು ಕಂಡವರ ಎದುರಿಗೆ ನನ್ನ 25 ಅಡಿಯ ಕಷ್ಟವನ್ನು ಹೇಳಿಕೊಳ್ಳುವುದು ತುಸು ನಾಚಿಕೆಯ ವಿಷಯವೇ. ಆ ದಿನ ಗೇಟು ಹಾಕಿಕೊಂಡು ಒಳಗೆ ಹೋದೆ.

ನಾಚಿಕೆ ಮರುದಿನದವರೆಗೆ ಬಾಳಿತು. ಮರುದಿನ ವಾಸ್ಕೋ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಿರುಕಿಗೆ ಹಾಕುವ ಔಷಧ ಕೇಳಿದೆ. ಅಂಗಡಿಯವ ಹಿಂದಿಯಲ್ಲಿ ಗಂಭೀರವಾಗಿ ವಿಚಾರಿಸಿದ: ಬಿರುಕು ಬದುಕಿದೆಯೋ ಸತ್ತಿದೆಯೋ? ನಾನು ಮುಖ ಮುಖ ನೋಡಿದೆ. ಅವನೇ ತಿಳಿಸಿ ಹೇಳಿದ. ಒಮ್ಮೆ ಸೀಳಿ ಅಲ್ಲಿಗೇ ನಿಂತದ್ದು ಸತ್ತ ಬಿರುಕು. ಅದಕ್ಕೆ ಗಟ್ಟಿಯಾಗುವ ಮಸಾಲೆ ತುಂಬಬಹುದು. ದಿನದಿನಕ್ಕೆ ಅಗಲವಾಗುತ್ತ, ಬಿಸಿಲಿಗೆ ತಂಪಿಗೆ ಅಲುಗಾಡುತ್ತ ಇರುವುದು ಬದುಕಿದ ಬಿರುಕು. ಅದರಲ್ಲಿ ಗಟ್ಟಿ ಮಸಾಲೆ ನಿಲ್ಲದು, ರಬ್ಬರಿನ ಹಾಗೆ ಎಳೆದಾಡುವ ಸೀಲಂಟೇ ಬೇಕು. ಪರೀಕ್ಷೆ ಮಾಡುವುದಕ್ಕೆ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ ಎರಡೂ ತುದಿಗೆ ಅಂಟಿಸಿ ತಾರೀಖು ಬರೆದಿಡಬೇಕು. ಗಾಜು ಒಡೆದರೆ ಬಿರುಕು ಬದುಕಿದೆ.

ಮನೆಗೆ ಬಂದು ಹಳೆಯ ಫೋಟೋ ಚೌಕಟ್ಟಿನ ಗಾಜಿನಿಂದ ಪಟ್ಟಿ ಕೊಯ್ದು, ಅಂಚಿಗೆ ಅಂಟು ಹಚ್ಚಿ, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಕೂಡಿಸಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು. ನೋಡಿದವರಿಗೆ ಬಿರುಕಿಗೆ ನಮಸ್ಕಾರ ಹಾಕುತ್ತಿದ್ದಾನೆ ಅನಿಸಿರಬೇಕು. ಅಂದಿನಿಂದ ಬೆಳಿಗ್ಗೆ ಹಲ್ಲುಜ್ಜುತ್ತ ಹೋಗಿ ಗಾಜು ನೋಡುವುದು ನನ್ನ ನಿತ್ಯನೇಮವಾಯಿತು. ಗಾಜು ಗಟ್ಟಿಯಾಗಿಯೇ ಇತ್ತು. ಬಿರುಕು ಸತ್ತಿದೆ ಎಂದು ಮನೆಯಲ್ಲಿ ಘೋಷಣೆ ಮಾಡಬೇಕು ಎನ್ನುವಷ್ಟರಲ್ಲಿ ಒಂದು ದಿನ ಅದು ಎರಡು ತುಂಡಾಗಿ ಬಿದ್ದಿತ್ತು. "ಬದುಕ್ಯಾದ! ಬದುಕ್ಯಾದ!" ಎಂದು ನಾನು ಕೂಗಿದ ಕೂಗಿಗೆ ನಮ್ಮಾಕಿ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದಳು. ಯಾರು ಬದುಕಿದ್ದಾರೆಂದು ತಿಳಿದ ಮೇಲೆ ಸ್ಕೂಟರಿನ ಸೈಡ್ ಸ್ಟ್ಯಾಂಡ್ ತೋರಿಸಿದಳು. ಅದು ಗಾಜಿನ ಮೇಲೆಯೇ ನಿಂತಿತ್ತು.

ಆದರೂ ಬಿರುಕು ಬದುಕಿದೆ ಎಂದೇ ಇಟ್ಟುಕೊಂಡು ಸೀಲಂಟು ತಂದೆ. ವಿಧಾನ ಕಲಿಸಿದವನು ಫೋನಿನಲ್ಲಿ ಕಂಡ ಒಬ್ಬ ಅಮೆರಿಕದವನು. ಅವನ ಅಂಗಳ ನಮ್ಮ ತಿಲಕ್ ಮೈದಾನದ ಅರ್ಧದಷ್ಟಿತ್ತು. ಯಂತ್ರದಿಂದ ಧೂಳು ಊದಿದ, ಬಿರುಕಿನೊಳಗೆ ಬೆರಳು ದಪ್ಪದ ಫೋಮಿನ ಹಗ್ಗ ತುರುಕಿದ, ಮೇಲೆ ಪಿಸ್ತೂಲಿನಂಥ ಗನ್ನಿನಿಂದ ಪಾಲಿಯುರೆಥೇನ್ ಸೀಲಂಟು ಹಿಂಡಿದ, ಕೈ ಒರೆಸಿಕೊಂಡು ನಕ್ಕ. ನಾನು ಧೂಳನ್ನು ಬಾಯಿಂದ ಊದಿದೆ. ಅದು ಕಣ್ಣಿಗೆ ಬಂತು. ಫೋಮಿನ ಹಗ್ಗ ಸಿಗದೆ ಹಳೆಯ ತಲೆದಿಂಬಿನ ಅರಳೆ ತುರುಕಿದೆ. ಗನ್ನು ಒತ್ತಿದರೆ ಮೊದಲು ಏನೂ ಬರಲಿಲ್ಲ. ಮೂತಿ ಕಣ್ಣೆದುರಿಗೆ ಹಿಡಿದು ನೋಡಿದಾಗ ಬಂತು. ಅಂತೂ ಅಂಕುಡೊಂಕಾಗಿ ತುಂಬಿ ಮುಗಿಸಿದೆ. ಒಣಗುವವರೆಗೆ ಧೂಳು, ತೇವ ತಾಗಬಾರದು ಎಂದು ಟ್ಯೂಬಿನ ಮೇಲೆ ಬರೆದಿತ್ತು. ನಾಯಿಯ ವಿಷಯ ಬರೆದಿರಲಿಲ್ಲ. ಸಂಜೆ ನೋಡಿದರೆ ಓಣಿಯ ನಾಯಿ ಎಂದಿನ ಜಾಗದಲ್ಲಿ ಮಲಗಿ ಎದ್ದು ಹೋಗಿತ್ತು. ಅದರ ಅರ್ಧ ಮಗ್ಗುಲಿನ ಕೂದಲು ನಮ್ಮ ಅಂಗಳದಲ್ಲಿ, ನಮ್ಮ ಸೀಲಂಟು ಅದರ ಮಗ್ಗುಲಲ್ಲಿ.

ಹೆಂಡತಿಯ ತಮ್ಮ ಊರಿಂದಲೇ ಫೋನಿನಲ್ಲಿ ಇನ್ನೊಂದು ಸುದ್ದಿ ಕಳಿಸಿದ. ರೋಮಿನವರು ಸುಮಾರು 1900 ವರ್ಷಗಳ ಹಿಂದೆ ಕಟ್ಟಿದ ಪ್ಯಾಂಥಿಯನ್ ಗುಡಿಯ ಗುಮ್ಮಟ ಕಬ್ಬಿಣವಿಲ್ಲದ ಕಾಂಕ್ರೀಟಿನದು. ಅಗಲ 43 ಮೀಟರ್, ಇಂದಿಗೂ ನಿಂತಿದೆ. 2023ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಪ್ರಕಟಿಸಿದ ಪ್ರಕಾರ ರೋಮನ್ ಕಾಂಕ್ರೀಟಿನೊಳಗೆ ಸುಣ್ಣದ ಸಣ್ಣ ಸಣ್ಣ ಉಂಡೆಗಳು ಉಳಿದಿರುತ್ತವೆ. ಬಿರುಕು ಬಿಟ್ಟು ನೀರು ಒಳಗಿಳಿದರೆ ಆ ಸುಣ್ಣ ಕರಗಿ, ಮತ್ತೆ ಹೆಪ್ಪುಗಟ್ಟಿ ಬಿರುಕನ್ನು ತುಂಬುತ್ತದೆ. ಅಂದರೆ ಮಳೆ ಬಂದರೆ ಬಿರುಕು ತಾನೇ ಕೂಡಿಕೊಳ್ಳುತ್ತದೆ ಎಂಬ ನನ್ನ ಸಿದ್ಧಾಂತ ಸರಿಯೇ ಇತ್ತು, ಜಾಗ ಮಾತ್ರ ರೋಮ್ ಆಗಬೇಕಿತ್ತು. ಇದನ್ನು ನಮ್ಮಾಕಿಗೆ ಓದಿ ಹೇಳಿದೆ. ಆಕೆ ಉತ್ತರ ಕೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಗಜೇಂದ್ರಗಡದ ಕಡೆಯ ಮುದುಕ ಮೇಸ್ತ್ರಿಯನ್ನು ಕರೆದುಕೊಂಡೇ ಬಂದಳು.

ಮೇಸ್ತ್ರಿ ಬಿರುಕನ್ನು ನೋಡಲೇ ಇಲ್ಲ. ನಾನು ಇಷ್ಟು ದಿನ ದುರಸ್ತಿ ಮಾಡಿದ ಜಾಗವನ್ನು ದಾಟಿ, ಕಬ್ಬಿಣದ ಹಾರೆಯನ್ನು ನೆಟ್ಟಗೆ ಹಿಡಿದು, ಗೇಟಿನಿಂದ ಶುರುಮಾಡಿ ಗೇಣು ಗೇಣಿಗೆ ನೆಲ ಕುಟ್ಟುತ್ತ ಬಂದ. ಗೇಟಿನ ಹತ್ತಿರ 'ಠಕ್ ಠಕ್' ಎಂದಿತು. ಪೈಪಿನ ಕಡೆ ಬರುತ್ತ ಬರುತ್ತ ಸದ್ದು ತಿರುಗಿತು. 'ಡಬ್. ಡಬ್.' ಅವನು ಹಾರೆ ನಿಲ್ಲಿಸಿ, ಸುಣ್ಣದ ತುಂಡಿನಿಂದ ಸದ್ದು ಬದಲಾದಲ್ಲೆಲ್ಲ ಗುರುತು ಹಾಕಿದ. ಗುರುತು ಕೂಡಿಸಿದಾಗ ಹೆಚ್ಚೂಕಡಿಮೆ ಒಂದು ಮಂಚದಷ್ಟು ಜಾಗವಾಯಿತು.

"ಇಷ್ಟರ ಕೆಳಗ ಮಣ್ಣೇ ಇಲ್ರಿ ಸಾಹೇಬ್ರ. ಬರೇ ಪೊಳ್ಳು. ಬಿರುಕು ಮ್ಯಾಲಿಂದಲ್ಲ, ಕೆಳಗಿಂದೈತಿ."

ಆಮೇಲೆ ಪೈಪಿನ ಬುಡಕ್ಕೆ ಕೂತ. "ಈ ಪೈಪಿಗೆ ಒಂದು ಬೆಂಡು ಇತ್ತಲ್ರಿ, ನೀರು ಗಟಾರಕ್ಕ ಹೋಗಾಕ? ಯಾರ್ ತಗದ್ರು?"

ನಮ್ಮಾಕಿ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ. ಮಳೆ ನೀರು ಹಿಡಿದು ಸ್ಕೂಟರು ತೊಳೆಯುವ ಯೋಜನೆಯೊಂದು ಹಿಂದೆ ನನ್ನ ತಲೆಗೆ ಬಂದಿದ್ದುಂಟು. ಬೆಂಡು ಕಿತ್ತು ಪೈಪಿನ ಕೆಳಗೆ ಡ್ರಮ್ಮು ಇಟ್ಟಿದ್ದೂ ಉಂಟು. ಗೋವಾದ ಮಳೆಗೆ ಆ ಡ್ರಮ್ಮು ಕಣ್ಣುಮುಚ್ಚಿ ತೆಗೆಯುವುದರೊಳಗೆ ತುಂಬುತ್ತಿತ್ತು. ಉಳಿದ ಮಾಳಿಗೆಯ ನೀರೆಲ್ಲ ಕಾಂಕ್ರೀಟಿನ ಅಂಚಿನಲ್ಲಿ ಇಳಿದು, ಕೆಳಗೆ ತುಂಬಿದ್ದ ಮುರುಮನ್ನು ಸ್ವಲ್ಪ ಸ್ವಲ್ಪವೇ ಕೆಳಗಿನ ಓಣಿಗೆ ಒಯ್ದಿತ್ತು. ಆಧಾರವಿಲ್ಲದ ಕಾಂಕ್ರೀಟಿನ ಮೇಲೆ ಚೌತಿಗೆ ಮಗಳ ಕಾರು ಹತ್ತಿತ್ತು. ಗೀರು ಕೊಯ್ಯದ ಹಾಸು ಮೊದಲೇ ಸೀಳಿತ್ತು, ನೀರು ಮತ್ತು ಕಾರು ಕೂಡಿ ಅದನ್ನು ಬಾಯಿ ಬಿಡಿಸಿದ್ದವು. ಅಷ್ಟು ದಿನ ನಾನು ಮೇಲಿನಿಂದ ಔಷಧ ಹಾಕುತ್ತಿದ್ದದ್ದು ನೆಲದ ಮೇಲಲ್ಲ, ಗಾಳಿಯ ಮೇಲೆ.

ಮುಂದಿನ ಕೆಲಸ ನನಗೆ ಪಾಠ. ಪೊಳ್ಳಾದ ಭಾಗವನ್ನು ಚೌಕಾಕಾರವಾಗಿ ಕೊಯ್ದು ಒಡೆದು ತೆಗೆದರು. ಸದ್ದು ಗಟ್ಟಿಯಾಗಿದ್ದ ಕಡೆ ಹಳೆಯದನ್ನೇ ಉಳಿಸಿಕೊಂಡರು. ಪೈಪಿಗೆ ಹೊಸ ಬೆಂಡು ಬಂತು, ನೀರು ಗಟಾರಕ್ಕೆ ಹೋಯಿತು. ಗುಂಡಿಗೆ ಮುರುಮು ಹಾಕಿ, ಅದನ್ನು ಒಮ್ಮೆಲೇ ಸುರಿಯದೆ ನಾಲ್ಕು ನಾಲ್ಕು ಬೆರಳಿನ ಪದರ ಹಾಕಿ, ನೀರು ಚಿಮುಕಿಸಿ, ಧಮ್ಮಸ್ಸಿನಿಂದ ಕುಟ್ಟಿದರು. ಖರ್ಚು ಉಳಿಸುವ ಆಸೆ ನನಗಿನ್ನೂ ಬಿಟ್ಟಿರಲಿಲ್ಲ. "ಉಸುಕು ತರೋದ್ಯಾಕ ಮೇಸ್ತ್ರಿ? ಕೆಳಗ ದಂಡಿ ಮ್ಯಾಲ ರಾಶಿ ಬಿದ್ದದಲ್ಲ" ಎಂದೆ. ಮುದುಕ ಬಾಯೊಳಗಿನ ತಂಬಾಕು ಒಂದು ಕಡೆ ಸರಿಸಿ, "ಉಪ್ಪಿನ ಉಸುಕು ಹಾಕಿದ್ರ ಕಬ್ಬಿಣ ತಿಂತೈತಿ, ಗ್ವಾಡಿ ಮ್ಯಾಲ ಬೆಳ್ಳಗ ಹೂ ಬಿಡತೈತಿ. ಪೊಲೀಸರು ಬಂದ್ರ ನೀವs ಮಾತಾಡ್ರಿ" ಎಂದ. ದಂಡೆಯ ಉಸುಕು ಎತ್ತುವುದಕ್ಕೆ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿಂದಲೇ ತಡೆಯಿದೆ. ಅಧಿಸೂಚನೆ ಓದದ ಮೇಸ್ತ್ರಿಗೆ ಅದು ಗೊತ್ತಿತ್ತು. ಆಯುಷ್ಯವೆಲ್ಲ ಕಾಗದ ಓದಿದ ನನಗೆ ಗೊತ್ತಿರಲಿಲ್ಲ.

ಒಂದು ಪಾಲು ಸಿಮೀಟು, ಎರಡು ಪಾಲು ಉಸುಕು, ನಾಲ್ಕು ಪಾಲು 20 ಮಿಲಿಮೀಟರಿನ ಖಡಿ. 50 ಕಿಲೋ ಚೀಲಕ್ಕೆ ನೀರು 30 ಲೀಟರಿನ ಆಚೀಚೆ, ಅದಕ್ಕಿಂತ ಒಂದು ಚೊಂಬು ಹೆಚ್ಚು ಹಾಕಲು ಹೋದವನ ಕೈ ತಡೆದರು. ಆ ಕೈ ನನ್ನದೇ ಎಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ಅಂಚನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಲೇಟೆಕ್ಸ್ ಬೆರೆಸಿದ ಸಿಮೀಟಿನ ಸರಿ ಬಳಿದು, ಅದು ಹಸಿ ಇರುವಾಗಲೇ ಹೊಸ ಮಾಲು ಹಾಕಿದರು. ಉಳಿದ ಸಣ್ಣ ಸೀಳುಗಳನ್ನು ಉಳಿಯಿಂದ ಅಗಲ ಮಾಡಿ, ಧೂಳು ತೆಗೆದು, ಲೇಟೆಕ್ಸ್ ಹಾಕಿ ಕಲಸಿದ ಉಸುಕು-ಸಿಮೀಟಿನ ಮಸಾಲೆ ಒತ್ತಿದರು. ಬಿರುಕನ್ನು ಮುಚ್ಚುವುದಕ್ಕೆ ಮೊದಲು ದೊಡ್ಡದು ಮಾಡಬೇಕು ಎಂಬುದು ನನಗೆ ಬಹಳ ಅನ್ಯಾಯವಾಗಿ ಕಂಡಿತು. ಈ ಸಲ ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ. ಮರುದಿನ ಮೇಸ್ತ್ರಿ ಕೊಯ್ಯುವ ಮಷೀನು ತಂದು ಹಳೆಯದರಲ್ಲೂ ಹೊಸದರಲ್ಲೂ ನೇರವಾಗಿ ಗೀರು ಕೊಯ್ದ. ಆ ಬಿಲ್ಲಿನ ಐಟಂ ಯಾರೂ ಹೊಡೆದು ಹಾಕಲಿಲ್ಲ.

ಹಸಿ ಕಾಂಕ್ರೀಟಿನ ದಿನ ನನಗೆ ವಹಿಸಿದ ಕೆಲಸ ನಾಯಿ ಕಾಯುವುದು. ಕೋಲು ಹಿಡಿದು ಕಟ್ಟೆಯ ಮೇಲೆ ಕೂತೆ. ಸಂಜೆ ನಾಯಿ ಬಂತು. ಅರ್ಧ ಮಗ್ಗುಲು ಬೋಳಾಗಿದ್ದ ಅದೇ ನಾಯಿ. ಹಳೆಯ ಜಾಗ ಮೂಸಿ ನೋಡಿ ನನ್ನ ಕಡೆ ತಿರುಗಿತು. ನಾನು "ಹಚಾ!" ಎಂದು ಕೋಲು ಎತ್ತಿ ಎದ್ದು ಓಡಿದೆ. ನಾಯಿ ಅಂಚಿನಲ್ಲಿ ಓಡಿ ತಪ್ಪಿಸಿಕೊಂಡಿತು. ನಮ್ಮ ಹೊಸ ಕಾಂಕ್ರೀಟಿನ ಮೇಲೆ ಇಂದಿಗೂ ಒಂದು ಹೆಜ್ಜೆ ಗುರುತಿದೆ: ಬಲಗಾಲು, ಹವಾಯಿ ಚಪ್ಪಲಿ, 9 ನಂಬರು. ಯಾರದೆಂದು ಬಂದವರೆಲ್ಲ ಕೇಳುತ್ತಾರೆ, ನಮ್ಮಾಕಿ ಎಲ್ಲರಿಗೂ ಹೇಳುತ್ತಾಳೆ.

ಅಲ್ಲಿಂದ ಮುಂದೆ ನನಗೆ ನೀರಗಂಟಿಯ ಹುದ್ದೆ ಸಿಕ್ಕಿತು. ಕಾಂಕ್ರೀಟಿನ ಮೇಲೆ ತಟ್ಟು ಹಾಸಿ, ಅದು ಒಣಗದ ಹಾಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹೊಡೆಯುವುದು. ಸಿಮೀಟು ಒಣಗಿ ಗಟ್ಟಿಯಾಗುವ ವಸ್ತು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದು ನೀರು ಕುಡಿದು ಗಟ್ಟಿಯಾಗುವ ವಸ್ತು. ಜೋಸೆಫ್ ಆಸ್ಪ್‌ಡಿನ್ ಎಂಬ ಇಂಗ್ಲೆಂಡಿನ ಗೌಂಡಿ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡಂದಿನಿಂದ ಇಂದಿನವರೆಗೂ ಅದರ ಗುಣ ಬದಲಾಗಿಲ್ಲ. ಮೊದಲ ದಿನಗಳಲ್ಲಿ ನೀರು ತಪ್ಪಿಸಿದರೆ ಮೇಲ್ಪದರ ಹಿಟ್ಟಾಗುತ್ತದೆ, ಸೀಳುತ್ತದೆ. ಐಎಸ್ 456ರ ಲೆಕ್ಕದಲ್ಲಿ ಸಾದಾ ಸಿಮೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೀಟಿಗೆ 10 ದಿನ, ಬಿಸಿಲು ಜೋರಿದ್ದರೆ ಅದಕ್ಕೂ ಹೆಚ್ಚು. ಇಂದು ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಬಹಳಷ್ಟು ಬೆರಕೆಯವೇ, ಚೀಲದ ಮೇಲೆ ಪಿಪಿಸಿ ಎಂದು ಬರೆದಿರುತ್ತದೆ. ಪೂರ್ತಿ ಬಲ ಬಂತೆಂದು ಲೆಕ್ಕ ಹಿಡಿಯುವುದು 28ನೆಯ ದಿನಕ್ಕೆ. ಅಲ್ಲಿಯವರೆಗೆ ಕಾರು ಹತ್ತಿಸಬೇಡಿ ಎಂದು ಮೇಸ್ತ್ರಿ ಹೇಳಿಹೋದ. ಸ್ಕೂಟರಿನ ಮಾತು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅದು ಓಣಿಯಲ್ಲೇ ನಿಂತಿತ್ತು.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಂಗಳವೂ ಬಾಯಿ ಬಿಟ್ಟಿದ್ದರೆ ಬಿರುಕಿನ ಅಗಲ ಅಳೆಯುತ್ತ ಕೂಡಬೇಡಿ, ಮಾಳಿಗೆಯ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಮೇ ತಿಂಗಳೊಳಗೆ ಹಾರೆಯಿಂದ ಒಮ್ಮೆ ಕುಟ್ಟಿ ನೋಡಿ. 'ಡಬ್' ಎಂದರೆ ಟ್ಯೂಬು, ಪುಡಿ, ಗಾಜು ಯಾವುದೂ ಬೇಡ, ಮಿರಗಕ್ಕೆ ಮುಂಚೆ ಗೌಂಡಿಯನ್ನು ಕರೆಯಿರಿ. ಅವನು ಗೀರು ಕೊಯ್ಯಬೇಕೆಂದರೆ ಕೊಯ್ಯಲು ಬಿಡಿ, ಪಗಾರದಲ್ಲಿ ಚೌಕಾಸಿ ಮಾಡಬೇಡಿ. ನೀರು ಹೊಡೆಯುವ ಕೆಲಸ ಮಾತ್ರ ನೀವು ಇಟ್ಟುಕೊಳ್ಳಿ. ಅದಕ್ಕೆ ಬುದ್ಧಿ ಬೇಕಾಗಿಲ್ಲ, ಮರೆಯದಿದ್ದರೆ ಸಾಕು.